ಹುಲಿಗಿಯ ಧೂಳು, ಅಂಬಾಸಿಡರ್ ಬಾಗಿಲು

ಕೊಪ್ಪಳದಿಂದ ಹೊಸಪೇಟೆಯ ಕಡೆಗೆ ಹೊರಟವರಿಗೆ ಗಿಣಿಗೇರಿ ದಾಟಿದ ಮೇಲೆ ಗಾಳಿಗೂ ಒಂದು ಬಣ್ಣವಿದೆ ಎಂಬುದು ತಿಳಿಯುತ್ತದೆ. ರಸ್ತೆಯ ಎರಡೂ ಬದಿಯ ಜಾಲಿಗಿಡಗಳು ಹಸಿರು ಮರೆತು ಕೆಂಪಾಗಿರುತ್ತವೆ. ಅದಿರು ಹೊತ್ತ ಲಾರಿಯೊಂದು ಮುಂದೆ ಹೋದರೆ ಹಿಂದಿನ ವಾಹನದವರು ಒಂದು ಫರ್ಲಾಂಗಿನಷ್ಟು ದೂರ ಕಣ್ಣು ಕಿರಿದು ಮಾಡಿಕೊಂಡೇ ಸಾಗಬೇಕು. ಹಿಟ್ನಾಳ ಕಳೆದು ತುಂಗಭದ್ರೆಯ ಕಡೆಗೆ ಇಳಿಯುತ್ತಿದ್ದಂತೆ ಭತ್ತದ ಗದ್ದೆ, ಬಾಳೆಯ ತೋಟ, ಕಾಲುವೆಯ ನೀರು ಕಣ್ಣಿಗೆ ಬಿದ್ದು ಜೀವ ತಂಪಾಗುತ್ತದೆ. ಅಲ್ಲಿಯೇ ಹುಲಿಗಿ.

ಹುಲಿಗೆಮ್ಮನ ಊರೆಂದರೆ ನಮ್ಮ ಭಾಗದಲ್ಲಿ ಯಾರಿಗೂ ವಿಳಾಸ ಹೇಳಬೇಕಾಗಿಲ್ಲ. ಮಂಗಳವಾರ, ಶುಕ್ರವಾರ, ಹುಣ್ಣಿಮೆಯ ದಿನಗಳಲ್ಲಿ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೊಳೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ದೀಡ ನಮಸ್ಕಾರ ಹಾಕುವವರು, ಉಡಿ ತುಂಬುವವರು, ತಲೆಯ ಮೇಲೆ ಪಡಲಗಿ ಹೊತ್ತ ಜೋಗಮ್ಮಂದಿರು, ಎಲ್ಲಿಂದಲೋ ಕೇಳಿಬರುವ ಚೌಡಕಿಯ ನಾದ. ಸವದತ್ತಿಯ ಯಲ್ಲಮ್ಮನಿಗೆ ಹುಣ್ಣಿಮೆ ಹುಣ್ಣಿಮೆಗೂ ನಡೆದು ಹೋಗುತ್ತಿದ್ದ ಭಕ್ತರ ಬೆನ್ನು ಹತ್ತಿ ತಾಯಿ ಇಲ್ಲಿಗೆ ಬಂದಳೆಂದು ಹಿರಿಯರು ಹೇಳುವ ಕಥೆ. ರೈಲಿನವರು ಮುನಿರಾಬಾದಿನಲ್ಲಿ ಇಳಿಯುತ್ತಾರೆ. ಉಳಿದವರು ಬಸ್ಸು, ಟ್ರ್ಯಾಕ್ಟರ್, ಟಂಟಂ, ಕ್ರೂಸರ್ ಎಂದು ಸಿಕ್ಕಿದ್ದರಲ್ಲಿ ಬರುತ್ತಾರೆ. ಹೊಸ ಗಾಡಿ ಕೊಂಡವರು ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸುವುದೂ ಇಲ್ಲಿಯ ದಿನನಿತ್ಯದ ನೋಟ.

ಇಂಥ ವಾಹನಗಳ ಸಾಲಿನಲ್ಲಿ 2025ರ ಮೇ ತಿಂಗಳ ಕೊನೆಯ ವಾರ ಒಂದು ಬಿಳಿ ಅಂಬಾಸಿಡರ್ ನಿಂತಿತ್ತು. ಅದು ನಮ್ಮ ಭಾವನವರದು, ಅಂದರೆ ಅಕ್ಕನ ಯಜಮಾನರದು. ನೋಂದಣಿಯಾದದ್ದು 1990ರಲ್ಲಿ. ಆ ವರ್ಷ ಮುಂಗಾರು ಅವಧಿಗೆ ಮೊದಲೇ ಬಂದಿತ್ತು. ರಾತ್ರಿ ಸುರಿದ ರೋಹಿಣಿ ಮಳೆ ಬೆಳಗಾಗುವಷ್ಟರಲ್ಲಿ ನಿಂತಿತ್ತಾದರೂ ಕಾರಿನೊಳಗೆ ನಿಂತಿರಲಿಲ್ಲ. ಬಾಗಿಲು ತೆಗೆದರೆ ಕಾಲಿಡುವ ಜಾಗದಲ್ಲಿ ಕೆಸರು. ದಾರಿಯುದ್ದಕ್ಕೂ ಸಂದಿಗಳಿಂದ ನುಗ್ಗಿ ಬಂದ ಕೆಂಧೂಳಿಗೆ ಮಳೆನೀರು ಸೇರಿ, ಕುಂಬಾರರು ಹದ ಮಾಡಿಟ್ಟ ಮಣ್ಣಿನಂತಾಗಿತ್ತು. ಅಕ್ಕ ತಂದಿದ್ದ ನೈವೇದ್ಯದ ಬುಟ್ಟಿ ಹೇಗೋ ಸೀಟಿನ ಮೇಲಿದ್ದುದರಿಂದ ಉಳಿಯಿತು.

ಭಾವ ಕೆಳಗೆ ಬಗ್ಗಿ ಚಾಪೆ ಎತ್ತಿ ತಗಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ತುಕ್ಕಿನ ಹಕ್ಕಳೆ ಬೆರಳಿಗೆ ಹತ್ತಿತು. "ಇದರ ಋಣ ಮುಗೀತು ಅನಸ್ತದ. ಅಕ್ಟೋಬರಿಗೆ ಪಾಸಿಂಗ್ ಐತಿ, ತಳ ಹಿಂಗಿದ್ರ ಯಾರು ಪಾಸ್ ಮಾಡ್ತಾರ? ಗುಜರಿಯವ ಕೇಳಿದ್ದ, ಕೊಟ್ಟ ಬಿಡೋಣು" ಎಂದರು. ಹದಿನೈದು ವರ್ಷ ತುಂಬಿದ ಖಾಸಗಿ ಕಾರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕೆಂಬ ನಿಯಮ ಓದುಗರಿಗೆ ಗೊತ್ತಿರುವುದೇ. ಇಂಜಿನ್ ಹಳತಾದರೆ ಬಿಚ್ಚಿ ಕಟ್ಟಬಹುದು, ಆದರೆ ತಳ ಕೊಳೆತ ಕಾರನ್ನು ಉಳಿಸುವುದು ಕಷ್ಟ. ಈ ಕಾರಿನ ಪ್ರಾಣ ಹಿಡಿದಿದ್ದದ್ದು ಇಂಜಿನ್ನೂ ಅಲ್ಲ, ಗೇರೂ ಅಲ್ಲ. ಬಾಗಿಲಿನ ಸುತ್ತ ಇರುವ ಬೆರಳು ಗಾತ್ರದ ಒಂದು ರಬ್ಬರ್ ಪಟ್ಟಿ.

ಡಿಪ್ಲೊಮಾ ಓದುತ್ತಿರುವ ಅವರ ಮಗನ ಮುಖ ಸಣ್ಣದಾಯಿತು. ಅವನು ಡ್ರೈವಿಂಗ್ ಕಲಿತದ್ದು ಇದೇ ಕಾರಿನಲ್ಲಿ. "ಮಾಮಾ, ನೀವರ ಹೇಳ್ರಿ" ಎಂದು ನನ್ನ ಕಡೆ ನೋಡಿದ. ಎರಡು ದಿನ ಇದ್ದು ಹೋಗುವುದೆಂದು ಬಂದಿದ್ದೆವು. ಶಾಲೆಗೆ ರಜೆಯೂ ಇತ್ತು. "ಎರಡ ದಿನ ಕೊಡ್ರಿ ಭಾವಾ. ಮೊದಲ ನೀರು ಎಲ್ಲಿಂದ ಬರತೈತಿ ನೋಡೋಣು, ಆಮೇಲೆ ಗುಜರಿ ಮಾತು" ಎಂದೆ.

ಅಂಬಾಸಿಡರ್ ಬಗ್ಗೆ ಎರಡು ಮಾತು ಇಲ್ಲಿ ಹೇಳಲೇಬೇಕು, ಈಗಿನ ಮಕ್ಕಳು ಅದನ್ನು ಸಿನಿಮಾದಲ್ಲಿ ನೋಡಿದ್ದೇ ಹೆಚ್ಚು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಆಧರಿಸಿ ಹಿಂದುಸ್ತಾನ್ ಮೋಟಾರ್ಸ್ ಕಂಪನಿ 1957ರ ಹೊತ್ತಿಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಇದರ ತಯಾರಿಕೆ ಆರಂಭಿಸಿತು. ಹೊರರೂಪದಲ್ಲಿ ಅಲ್ಪಸ್ವಲ್ಪ ಬದಲಾಗುತ್ತ 2014ರ ಮೇ ತಿಂಗಳವರೆಗೆ ಅಲ್ಲಿಯೇ ತಯಾರಾಯಿತು. ಜಿಲ್ಲಾಧಿಕಾರಿಯಿಂದ ಹಿಡಿದು ಮದುವೆ ದಿಬ್ಬಣದವರೆಗೆ ಎಲ್ಲರನ್ನೂ ಹೊತ್ತ ಗಾಡಿ ಅದು. ತಯಾರಿಕೆ ನಿಂತ ಮೇಲೆ ಬಿಡಿಭಾಗಗಳ ಪಾಡು ಹೇಗೆಂದರೆ, ಲೋಹದ ಭಾಗಗಳು ಹಳೆಯ ಗಾಡಿಗಳನ್ನು ಬಿಚ್ಚಿದಲ್ಲಿ ಸಿಗುತ್ತವೆ. ರಬ್ಬರ್ ಹಾಗೆ ಸಿಗುವುದಿಲ್ಲ, ಯಾಕೆಂದರೆ ಬಿಚ್ಚಿದ ಗಾಡಿಯ ರಬ್ಬರಿಗೂ ಅಷ್ಟೇ ವಯಸ್ಸಾಗಿರುತ್ತದೆ.

ಹೆದ್ದಾರಿಯ ಪಕ್ಕದಲ್ಲಿ ಬೇವಿನ ಮರದ ಕೆಳಗೆ ಒಂದು ಸಣ್ಣ ಗ್ಯಾರೇಜು ಸಿಕ್ಕಿತು. ಅಲ್ಲಿಯ ಮೇಸ್ತ್ರಿ ನನಗಿಂತ ಹತ್ತು ವರ್ಷ ಹಿರಿಯರಿರಬೇಕು. ಟ್ಯಾಕ್ಸಿ ಅಂಬಾಸಿಡರುಗಳ ಕಾಲದಿಂದ ಕೈ ಕಪ್ಪು ಮಾಡಿಕೊಂಡವರು. ಕಾರನ್ನು ಒಂದು ಸುತ್ತು ಬಂದು ಬಾಗಿಲನ್ನು ತೆಗೆದು ಹಾಕಿ ಸದ್ದು ಕೇಳಿದರು. "ರಬ್ಬರ್ ಸತ್ತೈತ್ರಿ ಸರ. ಬಾಗಲಾ ತಗಡಿಗೆ ತಗಡು ಬಡೀತೈತಿ. ಆದ್ರ ನೀರು ಬರೂದು ಬರೇ ಅದರಿಂದ ಅಲ್ಲ, ಪ್ಯಾಡ್ ಬಿಚ್ಚಿದ್ರ ಗೊತ್ತಾಕ್ಕೈತಿ" ಎಂದರು. ವೈದ್ಯರು ಎದೆ ಬಡಿತ ಕೇಳಿ ಹೇಳುವ ಹಾಗೆ.

ಬಾಗಿಲಿನ ಒಳಮೈಗೆ ರೆಕ್ಸಿನ್ ಹೊದಿಸಿದ ಹಾರ್ಡ್‌ಬೋರ್ಡಿನ ಹಲಗೆ ಇರುತ್ತದಲ್ಲ, ಅದಕ್ಕೆ ಗ್ಯಾರೇಜಿನಲ್ಲಿ ಡೋರ್ ಪ್ಯಾಡ್ ಎನ್ನುತ್ತಾರೆ. ಅದನ್ನು ಬಾಗಿಲಿಗೆ ಹಿಡಿದಿಡುವುದು ಅಂಚಿನುದ್ದಕ್ಕೂ ಇರುವ ಸ್ಪ್ರಿಂಗ್ ಕ್ಲಿಪ್ಪುಗಳು. ಮೊದಲು ಗ್ಲಾಸ್ ಹ್ಯಾಂಡಲ್ ಕಳಚಬೇಕು. ಹಳೆಯ ಕಾರುಗಳಲ್ಲಿ ಕೆಲವಕ್ಕೆ ನಡುವೆ ಸ್ಕ್ರೂ ಇರುತ್ತದೆ, ಕೆಲವಕ್ಕೆ ಹಿಡಿಕೆಯ ಹಿಂದಿನ ಬಟ್ಟಲನ್ನು ಒಳಗೆ ಒತ್ತಿದರೆ ಅಡ್ಡಪಿನ್ನು ಕಾಣುತ್ತದೆ. ಆಮೇಲೆ ಬರುವುದು ಕ್ಲಿಪ್ಪಿನ ಸರದಿ. ಹುಡುಗ ಉತ್ಸಾಹದಲ್ಲಿ ಸ್ಕ್ರೂಡ್ರೈವರನ್ನು ಎರಡು ಕ್ಲಿಪ್ಪುಗಳ ನಡುವೆ ತೂರಿಸಿ ಮೀಟಲು ಹೋದ. ಮೇಸ್ತ್ರಿ ಕೈ ಹಿಡಿದರು. ನಡುವೆ ಮೀಟಿದರೆ ಹಲಗೆ ಬಾಗುತ್ತದೆ, ಕ್ಲಿಪ್ಪು ಕೂತಿರುವ ತೂತು ಹರಿದು ದೊಡ್ಡದಾಗುತ್ತದೆ, ಮತ್ತೆಂದೂ ಅಲ್ಲಿ ಕ್ಲಿಪ್ಪು ನಿಲ್ಲುವುದಿಲ್ಲ. ಕ್ಲಿಪ್ಪಿನ ಪಕ್ಕಕ್ಕೇ ಅಗಲವಾದ ಪಟ್ಟಿಯನ್ನು ತೂರಿಸಿ, ಬಾಗಿಲಿನ ತಗಡಿಗೆ ಚಿಂದಿ ಬಟ್ಟೆ ಇಟ್ಟು ಮೆಲ್ಲಗೆ ಎತ್ತಬೇಕು. ಎಂಟನೆಯ ತರಗತಿಯಲ್ಲಿ ನಾವು ಬೋರ್ಡಿನ ಮೇಲೆ ಬರೆಯುವ ಸನ್ನೆಯ ಆನಿಕೆ, ಭಾರ, ಪ್ರಯತ್ನ ಎಂಬ ಮೂರು ಬಿಂದುಗಳು ಇಲ್ಲಿ ಒಂದು ಅಂಗುಲದೊಳಗೆ ಇದ್ದವು.

ಮೇಸ್ತ್ರಿಯವರ ಇನ್ನೊಂದು ಪದ್ಧತಿ ನನಗೆ ಬಹಳ ಹಿಡಿಸಿತು. ಹಳೆಯ ರಟ್ಟಿನ ಡಬ್ಬಿ ಹರಿದು, ಅದರ ಮೇಲೆ ಸೀಸದಕಡ್ಡಿಯಿಂದ ಬಾಗಿಲಿನ ಆಕಾರ ಬರೆಯಿಸಿದರು. ಬಿಚ್ಚಿದ ಪ್ರತಿಯೊಂದು ಸ್ಕ್ರೂ, ಕ್ಲಿಪ್ಪುಗಳನ್ನು ಅದೇ ಸ್ಥಾನದಲ್ಲಿ ರಟ್ಟಿಗೆ ಚುಚ್ಚಿಸಿದರು. ಯಾವುದು ಎಲ್ಲಿಯದು ಎಂದು ಆಮೇಲೆ ತಲೆ ಕೆರೆದುಕೊಳ್ಳುವ ಪ್ರಶ್ನೆಯೇ ಇಲ್ಲ. ಸಂಜೆಯ ಹೊತ್ತಿಗೆ ನಾಲ್ಕು ರಟ್ಟು, ನಾಲ್ಕು ಬಾಗಿಲು. ಅರ್ಧಕ್ಕಿಂತ ಹೆಚ್ಚು ಕ್ಲಿಪ್ಪುಗಳು ತುಕ್ಕು ತಿಂದು ಸ್ಪ್ರಿಂಗಿನ ಗುಣ ಕಳೆದುಕೊಂಡಿದ್ದವೆಂಬುದು ಆ ರಟ್ಟು ನೋಡಿದರೇ ತಿಳಿಯುತ್ತಿತ್ತು. ಪ್ರಯೋಗಾಲಯದಲ್ಲಿ ಪಿಪೆಟ್ಟು ಬ್ಯೂರೆಟ್ಟು ಜೋಡಿಸಲು ಬರದ ಮಕ್ಕಳಿಗೆ ಬೇಸಿಗೆಯಲ್ಲಿ ಇಂಥ ಒಂದು ವಾರದ ಪಾಠ ಕೊಡಿಸುವ ಪಾಲಕರು ಎಷ್ಟು ಜನ ಇದ್ದಾರೆ? ಕೈ ಕೊಳೆಯಾದರೆ ಅಂಕ ಕಡಿಮೆಯಾಗುತ್ತದೆಂಬ ಭಯ ನಮ್ಮಲ್ಲಿ ಎಲ್ಲಿಂದ ಬಂತೋ ತಿಳಿಯದು.

ಪ್ಯಾಡು ತೆಗೆದಾಗ ಕಂಡದ್ದು ಬಾಗಿಲಿನ ಹೊಟ್ಟೆಯೊಳಗಿನ ಕೆರೆ! ಕೆಳಗಿನ ಮೂಲೆಯಲ್ಲಿ ನಾಲ್ಕು ಬೆರಳು ನೀರು, ಅದರಡಿಯಲ್ಲಿ ಕೆಂಪು ರಾಡಿ.

ಇಲ್ಲಿ ಒಂದು ವಿಷಯ ವಿವರಿಸಬೇಕು. ಕಾರಿನ ಬಾಗಿಲು ನೀರು ಹೋಗದಂಥ ಪೆಟ್ಟಿಗೆಯೆಂದು ಹೆಚ್ಚಿನವರು ತಿಳಿದಿರುತ್ತಾರೆ. ಹಾಗಲ್ಲ. ಕಿಟಕಿಯ ಗಾಜು ಮೇಲೆ ಕೆಳಗೆ ಹೋಗಲು ಸೀಳೊಂದು ಬೇಕೇ ಬೇಕು. ಆ ಸೀಳಿನ ಅಂಚಿನಲ್ಲಿ ಎಷ್ಟೇ ಒಳ್ಳೆಯ ರಬ್ಬರು, ಫೆಲ್ಟು ಇದ್ದರೂ ಮಳೆಯ ನೀರಿನಲ್ಲಿ ಒಂದು ಪಾಲು ಗಾಜಿನ ಮೈ ಹಿಡಿದು ಬಾಗಿಲಿನೊಳಗೆ ಇಳಿದೇ ಇಳಿಯುತ್ತದೆ. ಕಾರು ಮಾಡಿದವರಿಗೆ ಇದು ಗೊತ್ತು. ಅದಕ್ಕೇ ಬಾಗಿಲಿನ ತಳದಲ್ಲಿ ನೀರು ಹೊರಹೋಗಲು ಸಣ್ಣ ಕಂಡಿಗಳನ್ನು ಬಿಟ್ಟಿರುತ್ತಾರೆ. ಪ್ಯಾಡಿನ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಒಳಗೆ ಚಿಮ್ಮಿದ ಹನಿ ಹಲಗೆಗೆ ತಾಗದೆ ಮತ್ತೆ ಬಾಗಿಲಿನೊಳಕ್ಕೇ ಜಾರುವಂತೆ ಮಾಡಿರುತ್ತಾರೆ. ಸುತ್ತಲಿನ ರಬ್ಬರ್ ಪಟ್ಟಿಯ ಕೆಲಸ ಬೇರೆ. ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದಿಯಿಂದ ಗಾಳಿ, ಧೂಳು, ನೀರು ಒಳಗೆ ಬಾರದಂತೆ ನೋಡಿಕೊಳ್ಳುವುದು.

ನಮ್ಮ ಅಂಬಾಸಿಡರಿನಲ್ಲಿ ಮೂರೂ ಕೆಟ್ಟಿದ್ದವು. ವರ್ಷಗಟ್ಟಲೆ ಕುಡಿದ ಕೆಂಧೂಳು ಕಂಡಿಗಳನ್ನು ಸಿಮೆಂಟಿನಂತೆ ಮುಚ್ಚಿತ್ತು. ಪ್ಲಾಸ್ಟಿಕ್ ಹಾಳೆಯನ್ನು ಹಿಂದೆ ಯಾರೋ ಕಿತ್ತು ಬಿಸಾಡಿದ್ದರು. ತುಂಬಿದ ನೀರು ಹಾರ್ಡ್‌ಬೋರ್ಡನ್ನು ನೆನೆಸಿ, ಅದು ಹಪ್ಪಳದಂತೆ ಡೊಂಕಾಗಿ, ಕ್ಲಿಪ್ಪುಗಳನ್ನು ಕಿತ್ತುಕೊಂಡು, ಹೊಸ್ತಿಲಿನ ಮೇಲಿಂದ ಕಾರಿನ ತಳಕ್ಕೆ ಹರಿಯುತ್ತಿತ್ತು. ಹುಡುಗ ಸೈಕಲ್ಲಿನ ಕಡ್ಡಿಯೊಂದನ್ನು ಕಂಡಿಯಲ್ಲಿ ಚುಚ್ಚಿದ. ಮೊದಲು ರಾಡಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು. ಬರೇ ರಬ್ಬರ್ ಹೊಸದು ಹಾಕಿ ಸುಮ್ಮನಾಗಿದ್ದರೆ ತಳ ಇನ್ನೆರಡು ಮಳೆಗಾಲದಲ್ಲಿ ಕರಗುತ್ತಿತ್ತು.

ಮರುದಿನ ಬೆಳಿಗ್ಗೆ ರಬ್ಬರ್ ತರಲು ಹೊಸಪೇಟೆಗೆ ಹೊರಟಾಗ ಹೊಳೆ ದಾಟುವಲ್ಲಿ ಬಲಕ್ಕೆ ತುಂಗಭದ್ರಾ ಅಣೆಕಟ್ಟು ಉದ್ದಕ್ಕೂ ಕಂಡಿತು. 1945ರ ಫೆಬ್ರವರಿ 28ರಂದು ಅಡಿಗಲ್ಲು, 1953ರಲ್ಲಿ ಕಾಲುವೆಗೆ ನೀರು. ಮೇಲೆ 33 ಕ್ರೆಸ್ಟ್ ಗೇಟುಗಳು, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಆಗ ಜಲಾಶಯದ ನೀರು ಗೇಟುಗಳ ಬುಡಕ್ಕಿಂತ ಬಹಳ ಕೆಳಗಿತ್ತು. ನಿನ್ನೆಯಿಂದ ಬಾಗಿಲು, ರಬ್ಬರು ಎಂದೇ ತಲೆಯಲ್ಲಿ ತುಂಬಿಕೊಂಡಿದ್ದ ಹುಡುಗ "ಮಾಮಾ, ಆ ಗೇಟಿಗೂ ರಬ್ಬರ್ ಇರತೈತೇನ್ರಿ?" ಎಂದ. ಇರುತ್ತದೆ. ಮೇಲೆ ಕೆಳಗೆ ಸರಿಯುವ ಉಕ್ಕಿನ ಗೇಟಿನ ಎರಡೂ ಪಕ್ಕಕ್ಕೆ ದುಂಡು ತಲೆಯ ರಬ್ಬರ್ ಪಟ್ಟಿ, ಅಡಿಗೆ ಚಪ್ಪಟೆ ಪಟ್ಟಿ ಇರುತ್ತವೆ. ಗೇಟಿನ ಮೇಲಂಚಿನವರೆಗೆ ನೀರು ನಿಂತರೆ ಒಂದು ಗೇಟಿನ ಮೇಲೆ ಬೀಳುವ ಒತ್ತಡದ ಮೊತ್ತ ಎಷ್ಟೆಂದು ಲೆಕ್ಕ ಹಾಕಲು ಹೇಳಿದೆ. ಕ್ಷೇತ್ರಫಲ ಸುಮಾರು 111 ಚದರ ಮೀಟರ್, ಸರಾಸರಿ ಆಳ ಸುಮಾರು 3 ಮೀಟರ್, ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್. ಮೊಬೈಲ್ ತೆಗೆಯದೆ ಬಾಯಿಲೆಕ್ಕದಲ್ಲೇ ಮುನ್ನೂರ ಮೂವತ್ತು ಟನ್ನಿನ ಮೇಲೆ ಎಂದ. ಸರಿ. ಅಷ್ಟು ಒತ್ತಡವೇ ಪಕ್ಕದ ರಬ್ಬರನ್ನು ಚೌಕಟ್ಟಿಗೆ ಒತ್ತಿ ಹಿಡಿಯಲು ನೆರವಾಗುತ್ತದೆ. ಕಾರಿನ ಬಾಗಿಲಿಗೆ ಆ ಸೌಲಭ್ಯವಿಲ್ಲ, ಅಲ್ಲಿ ಒತ್ತುವುದು ಲಾಕು ಒಂದೇ.

2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋದದ್ದು ರಬ್ಬರಿನಿಂದಲ್ಲ, ಅದನ್ನು ಎತ್ತಿ ಹಿಡಿದಿದ್ದ ಸರಪಳಿಯ ಕೊಂಡಿ ತುಂಡಾದದ್ದರಿಂದ. ಹರಿಯುವ ನೀರಿನ ನಡುವೆಯೇ ಒಂದು ವಾರದಲ್ಲಿ ಉಕ್ಕಿನ ಹಲಗೆಗಳನ್ನು ಇಳಿಸಿ ಆ ಕಂಡಿಯನ್ನು ತಾತ್ಕಾಲಿಕವಾಗಿ ಮುಚ್ಚಿದರು. ಆ ಬಳಿಕ 33 ಗೇಟುಗಳನ್ನೂ ಬದಲಿಸುವ ತೀರ್ಮಾನವಾಯಿತು. ಆ ವಾರ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ರೈತರು ನಿದ್ದೆ ಮಾಡಲಿಲ್ಲ. ಇನ್ನು ಕಲ್ಲುಗಾರೆಯ ಅಣೆಕಟ್ಟುಗಳಲ್ಲಿ ಒಳಗೆ ಸುರಂಗದಂಥ ದಾರಿಯಿದ್ದು, ಕಟ್ಟಡದೊಳಗೆ ಜಿನುಗುವ ನೀರನ್ನು ಅಲ್ಲಿಗೆ ಬರಮಾಡಿಕೊಂಡು ಹೊರಗೆ ಹರಿಸುತ್ತಾರೆ ಎಂದು ಹೇಳಿದೆ. "ಹಂಗಾರ ಬಾಗಲದ ಕಂಡಿಯಂಗನ" ಎಂದ ಹುಡುಗ.

ಹೊಸಪೇಟೆಯಲ್ಲಿ ಮೂರು ಅಂಗಡಿ ತಿರುಗಿದೆವು. ಮೇಸ್ತ್ರಿಯವರು ಹೊರಡುವಾಗಲೇ ಹಳೆಯ ರಬ್ಬರಿನಿಂದ ಗೇಣುದ್ದದ ತುಂಡೊಂದನ್ನು ಕೊಯ್ದು ಕೊಟ್ಟಿದ್ದರು. ಅದನ್ನೂ ಎಲ್ಲಿಂದ ಕೊಯ್ದರು? ಬಾಗಿಲು ಗಟ್ಟಿಯಾಗಿ ಒತ್ತುವ ಲಾಕಿನ ಕಡೆಯಿಂದಲ್ಲ, ಒತ್ತಡವೇ ಇಲ್ಲದ ಒಂದು ಮೂಲೆಯಿಂದ. ಮೂವತ್ತೈದು ವರ್ಷ ಒತ್ತಿಸಿಕೊಂಡ ಕಡೆ ರಬ್ಬರ್ ಚಪ್ಪಟೆಯಾಗಿ, ಮೊದಲು ಹೇಗಿತ್ತೆಂಬುದೇ ತಿಳಿಯುವುದಿಲ್ಲ. ಒತ್ತಡವಿಲ್ಲದ ಕಡೆ ಹಳೆಯ ಆಕಾರ ಉಳಿದಿರುತ್ತದೆ. ಅಂಗಡಿಯವರು ಮೊದಲು ತೋರಿಸಿದ್ದು ಯಾವ ಗಾಡಿಗಾದರೂ ಆಗುತ್ತದೆಂದು ಮಾರುವ ದಪ್ಪ ಸ್ಪಂಜಿನ ಪಟ್ಟಿ. ಅಗ್ಗವೂ ಹೌದು. ದಪ್ಪ ಇದ್ದಷ್ಟೂ ಒಳ್ಳೆಯದಲ್ಲವೇ ಎಂದು ಕೊಳ್ಳುವವರಿಗೂ ಅನಿಸುತ್ತದೆ. ಆದರೆ ದಪ್ಪ ರಬ್ಬರ್ ಹಾಕಿದ ಬಾಗಿಲು ಒಳಗೆ ಕೂರುವುದಿಲ್ಲ. ದಿನವೂ ಜೋರಾಗಿ ಬಡಿದು ಹಾಕುತ್ತ ಹಾಕುತ್ತ ಲಾಕು, ತಿರುಗಣಿ ಎರಡೂ ಹಾಳಾಗುತ್ತವೆ. ಬಾಗಿಲು ಹಾಕಿದಾಗ ರಬ್ಬರ್ ತನ್ನ ದಪ್ಪದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಒತ್ತಿಕೊಂಡರೆ ಸಾಕು. ಮೂರನೆಯ ಅಂಗಡಿಯಲ್ಲಿ ಮಾದರಿಗೆ ಹತ್ತಿರವಾದ, ಒಳಗೆ ಟೊಳ್ಳು ಇರುವ ಪಟ್ಟಿ ಸಿಕ್ಕಿತು. ಕ್ಲಿಪ್ಪುಗಳನ್ನೂ ಎಣಿಸಿದ್ದಕ್ಕಿಂತ ಹತ್ತು ಹೆಚ್ಚು ತಂದೆವು.

ರಬ್ಬರ್ ಯಾಕೆ ಸಾಯುತ್ತದೆ? ವಿದ್ಯಾರ್ಥಿಗಳಿಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ರಬ್ಬರ್ ಮರದ ಹಾಲನ್ನು ಹೆಪ್ಪುಗಟ್ಟಿಸಿದಾಗ ಸಿಗುವ ಕಚ್ಚಾ ರಬ್ಬರು ಬಿಸಿಲಿಗೆ ಜಿಗಟು, ಚಳಿಗೆ ಬಿರುಸು. ಅದರ ಅಣುಗಳು ಒಂದರ ಮೇಲೊಂದು ಜಾರುವ ಉದ್ದುದ್ದ ಶಾವಿಗೆ ಎಳೆಗಳಂತೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅದನ್ನು ಗಂಧಕದೊಂದಿಗೆ ಬಿಸಿ ಮಾಡಿದರೆ ಗಟ್ಟಿತನವೂ ಸ್ಥಿತಿಸ್ಥಾಪಕತೆಯೂ ಒಟ್ಟಿಗೆ ಬರುತ್ತವೆಂದು ಕಂಡುಕೊಂಡ. ಗಂಧಕವು ಎಳೆ ಎಳೆಗೂ ನಡುವೆ ಸೇತುವೆ ಕಟ್ಟುತ್ತದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಸೇತುವೆಗಳು ಎಳೆಗಳನ್ನು ಹಿಂದಕ್ಕೆ ಕರೆತರುತ್ತವೆ. ಕಾಲ ಕಳೆದಂತೆ ಬಿಸಿಲಿನ ಶಾಖಕ್ಕೆ, ಆಮ್ಲಜನಕಕ್ಕೆ ಹಳೆಯ ಸೇತುವೆ ಮುರಿದು ಹೊಸವು ಹುಟ್ಟುತ್ತವೆ. ಒತ್ತಿದ ಸ್ಥಿತಿಯಲ್ಲೇ ಹೊಸ ಸೇತುವೆ ಹುಟ್ಟಿದರೆ ರಬ್ಬರು ಆ ಚಪ್ಪಟೆ ಆಕಾರವನ್ನೇ ತನ್ನದೆಂದು ತಿಳಿಯುತ್ತದೆ. ಬಾಗಿಲು ತೆಗೆದರೂ ಮೇಲೆ ಏಳುವುದಿಲ್ಲ.

ಇನ್ನೊಂದು ಶತ್ರು ಓಝೋನ್. ನೆಲದ ಮಟ್ಟದ ಗಾಳಿಯಲ್ಲೂ ಅದು ಅತ್ಯಲ್ಪ ಪ್ರಮಾಣದಲ್ಲಿ ಇರುತ್ತದೆ. ಎಳೆದು ಹಿಡಿದ ರಬ್ಬರಿನ ಅಣುಗಳನ್ನು ಅದು ಕತ್ತರಿಸುತ್ತ ಬರುತ್ತದೆ. ಮನೆಯಲ್ಲೇ ನೋಡಬಹುದು. ಒಂದೇ ಪೊಟ್ಟಣದ ಎರಡು ರಬ್ಬರ್ ಬ್ಯಾಂಡು ತೆಗೆದುಕೊಳ್ಳಿ. ಒಂದನ್ನು ಕಟ್ಟಿಗೆಯ ತುಂಡಿಗೆ ಬಿಗಿಯಾಗಿ ಎಳೆದು ಹಾಕಿ, ಇನ್ನೊಂದನ್ನು ಸಡಿಲವಾಗಿ ಪಕ್ಕದಲ್ಲಿಡಿ. ಎರಡನ್ನೂ ಮಾಳಿಗೆಯ ಮೇಲೆ ಗಾಳಿಯಾಡುವಲ್ಲಿ ಬಿಟ್ಟು ವಾರಕ್ಕೊಮ್ಮೆ ಭೂತಗನ್ನಡಿಯಲ್ಲಿ ನೋಡಿರಿ. ಎಳೆದದ್ದರ ಮೇಲೆ ಎಳೆತಕ್ಕೆ ಅಡ್ಡವಾಗಿ ಸಣ್ಣ ಬಿರುಕುಗಳು ಮೊದಲು ಮೂಡುತ್ತವೆ. ಈ ತೊಂದರೆಯನ್ನು ಬಹುಮಟ್ಟಿಗೆ ತಡೆಯಬಲ್ಲ ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರು 1960ರ ದಶಕದಲ್ಲಿ ಬಂತು. ಈಗಿನ ಕಾರುಗಳ ಬಾಗಿಲಿಗೆ ಹೆಚ್ಚಾಗಿ ಅದೇ. ಅಂಗಡಿಯಲ್ಲಿ ಹೆಸರು ಹೇಳಿ ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ.

ಮಧ್ಯಾಹ್ನ ಬೇವಿನ ನೆರಳಿಗೆ ಮರಳಿ ಬಂದು ಕೆಲಸ ಹಚ್ಚಿದೆವು. ಹಳೆಯ ಅಂಟನ್ನು ಕೆರೆದು ತೆಗೆಯುವುದೇ ದೊಡ್ಡ ಕೆಲಸ, ಅದಕ್ಕೆ ಎರಡು ಗಂಟೆ ಹಿಡಿಯಿತು. ಕೆರೆದಲ್ಲಿ ತುಕ್ಕು ಕಂಡರೆ ಉಜ್ಜುಕಾಗದ ಹಾಕಿ, ರೆಡ್ ಆಕ್ಸೈಡ್ ಬಳಿದು ಒಣಗಿಸಬೇಕು. ತುಕ್ಕಿನ ಮೇಲೆ ಅಂಟು ಹಾಕಿದರೆ ಅದು ಹಿಡಿಯುವುದು ತುಕ್ಕನ್ನೇ, ಕಾರನ್ನಲ್ಲ. ರಬ್ಬರ್ ಗಮ್ಮನ್ನು ಪಟ್ಟಿಗೂ ತಗಡಿಗೂ ತೆಳ್ಳಗೆ ಸವರಿ, ಬೆರಳಿಗೆ ಅಂಟಿಯೂ ಅಂಟದ ಹಾಗೆ ಆಗುವವರೆಗೆ ಕಾಯಬೇಕು. ಹುಡುಗನಿಗೆ ಈ ಕಾಯುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಪಟ್ಟಿಯನ್ನು ಅಂಟಿಸುವಾಗ ಎಳೆಯಬಾರದು ಎಂಬುದು ಮೇಸ್ತ್ರಿಯವರ ಮೊದಲ ಕಟ್ಟಪ್ಪಣೆ. ಎಳೆದರೆ ಇವತ್ತು ಅಂದವಾಗಿ ಕಾಣುತ್ತದೆ, ನಾಳೆ ಕುಗ್ಗಿ ಮೂಲೆ ಬಿಡುತ್ತದೆ. ಓಝೋನಿನ ಪಾಠವೂ ಅದನ್ನೇ ಹೇಳುತ್ತದೆ. ಮೂಲೆಯಲ್ಲಿ ಪಟ್ಟಿಯನ್ನು ಒಳಕ್ಕೆ ಒತ್ತಿ ಒತ್ತಿ ಕೂರಿಸಬೇಕು. ಎರಡು ತುದಿ ಸೇರುವ ಜಾಗ ಬಾಗಿಲಿನ ಕೆಳಬದಿಯಲ್ಲಿ ಬರಬೇಕು. ಕೊನೆಯಲ್ಲಿ ಅಳತೆಗಿಂತ ಬೆರಳಿನ ಅರ್ಧ ಅಗಲದಷ್ಟು ಹೆಚ್ಚಿಗೆ ಬಿಟ್ಟು ಕೊಯ್ದು, ತುದಿಗೆ ತುದಿ ಒತ್ತಿ ಸೇರಿಸಿದರೆ ಸಂದಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಪ್ಯಾಡಿನ ಹಿಂದೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸುವಾಗ ಅದರ ಕೆಳ ಅಂಚನ್ನು ಬಾಗಿಲಿನ ಹೊಟ್ಟೆಯೊಳಕ್ಕೆ ಮಡಚಿ ಬಿಟ್ಟೆವು. ಹೊರಗೆ ಇಳಿಬಿಟ್ಟರೆ ನೀರು ನೇರ ಹಲಗೆಯ ಮೇಲೆ ಇಳಿಯುತ್ತದೆ. ಡೊಂಕಾದ ಎರಡು ಹಲಗೆಗಳ ಬದಲು ಹೊಸ ಹಾರ್ಡ್‌ಬೋರ್ಡ್ ಕೊಯ್ದು, ಹಳೆಯ ರೆಕ್ಸಿನ್ನನ್ನೇ ಅದಕ್ಕೆ ಹೊದಿಸಿಕೊಟ್ಟವರು ಪಕ್ಕದ ಕುಶನ್ ಅಂಗಡಿಯವರು. ಬಾಗಿಲ ಹೊರಮೈಯ ಹೊಳೆಯುವ ಪಟ್ಟಿಯ ಕ್ಲಿಪ್ಪುಗಳಿಗೂ ಒಂದೊಂದು ಚಿಟಿಕೆ ಗ್ರೀಸ್ ಹಚ್ಚಿ ಕೂರಿಸಿದೆವು. ಆ ತೂತುಗಳೂ ನೀರಿಗೆ ದಾರಿ. ಎರಡು ಬೇರೆ ಲೋಹಗಳ ನಡುವೆ ನೀರು ನಿಂತರೆ ಅದೊಂದು ಪುಟ್ಟ ವಿದ್ಯುತ್ಕೋಶವಾಗಿ ಒಂದು ಲೋಹವನ್ನು ಬೇಗ ತಿನ್ನುತ್ತದೆ.

ಪರೀಕ್ಷೆಯ ಹೊಣೆ ನನ್ನದಾಯಿತು. ಮಾಸ್ತರರ ಜೇಬಿನಲ್ಲಿ ರಜೆಯಲ್ಲೂ ಸೀಮೆಸುಣ್ಣದ ತುಂಡು ಇದ್ದೇ ಇರುತ್ತದೆ. ಚೌಕಟ್ಟಿನಲ್ಲಿ ರಬ್ಬರ್ ತಾಗಬೇಕಾದ ಅಂಚಿಗೆಲ್ಲ ಸುಣ್ಣ ತಿಕ್ಕಿ, ಬಾಗಿಲು ಹಾಕಿ ತೆಗೆದರೆ ಕಪ್ಪು ರಬ್ಬರಿನ ಮೇಲೆ ಬಿಳಿ ಗೆರೆ ಮೂಡುತ್ತದೆ. ಗೆರೆ ಎಲ್ಲಿ ಕಡಿದುಹೋಗಿದೆಯೋ ಅಲ್ಲಿ ರಬ್ಬರ್ ತಾಗಿಲ್ಲ. ಹಿಂದಿನ ಎಡ ಬಾಗಿಲಿನ ಮೇಲ್ಮೂಲೆಯಲ್ಲಿ ಮೂರು ಬೆರಳಿನಷ್ಟು ಗೆರೆ ಇರಲಿಲ್ಲ. ಅದು ರಬ್ಬರಿನ ದೋಷವಲ್ಲ, ಬಾಗಿಲೇ ಸ್ವಲ್ಪ ಇಳಿದಿತ್ತು. ಮೇಸ್ತ್ರಿ ತಿರುಗಣಿಯ ಬೋಲ್ಟ್ ಸಡಿಲಿಸಿ, ಬಾಗಿಲನ್ನು ಮೊಣಕಾಲಿನಿಂದ ಎತ್ತಿ ಹಿಡಿದು ಬಿಗಿದರು. ಆಮೇಲೆ ನೀರಿನ ಪರೀಕ್ಷೆ. ಹುಡುಗ ಬ್ಯಾಟರಿ ಹಿಡಿದು ಒಳಗೆ, ನಾನು ಪೈಪು ಹಿಡಿದು ಹೊರಗೆ. ಕೆಳಗಿನಿಂದ ಶುರು ಮಾಡಿ ಮೇಲೆ ಹೋಗಬೇಕು. ಮೇಲಿನಿಂದ ಸುರಿದರೆ ಎಲ್ಲ ಕಡೆ ಒದ್ದೆಯಾಗಿ, ಸೋರಿದ್ದು ಎಲ್ಲಿಂದ ಎಂದು ಗೊತ್ತಾಗುವುದಿಲ್ಲ. ಬಾಗಿಲಿನ ಕಂಡಿಗಳಿಂದ ನೀರು ಸಣ್ಣಗೆ ತೊಟ್ಟಿಕ್ಕತೊಡಗಿದಾಗ ನೋಡಲು ನೆರೆದಿದ್ದ ಭಕ್ತರಲ್ಲಿ ಒಬ್ಬರು "ಇನ್ನೂ ಸೋರಾಕತ್ತೈತಲ್ರಿ" ಎಂದು ಮರುಗಿದರು. ಸೋರಲೆಂದೇ ಇಷ್ಟೆಲ್ಲ ಮಾಡಿದ್ದು ಎಂದು ಅವರಿಗೆ ತಿಳಿಸಿ ಹೇಳಲು ಹತ್ತು ನಿಮಿಷ ಬೇಕಾಯಿತು.

ಹೊಸ ರಬ್ಬರಿನ ಬಾಗಿಲು ಮೊದಲ ಎರಡು ವಾರ ಬಿಗಿಯಾಗಿರುತ್ತದೆ. ಅಕ್ಕನಿಗೆ ಹಾಕಲು ಆಗುತ್ತಲೇ ಇರಲಿಲ್ಲ. ಒಂದು ಕಿಟಕಿಯನ್ನು ಎರಡು ಬೆರಳು ಇಳಿಸಿ ಹಾಕಿದರೆ ಸಲೀಸು, ಯಾಕೆಂದರೆ ಒಳಗೆ ಸಿಕ್ಕಿಕೊಂಡ ಗಾಳಿಗೆ ಹೋಗಲು ದಾರಿ ಸಿಗುತ್ತದೆ. ರಬ್ಬರನ್ನು ಒರೆಸಲು ಸೀಮೆಎಣ್ಣೆ, ಪೆಟ್ರೋಲ್, ಗ್ರೀಸ್ ಯಾವುದನ್ನೂ ಬಳಸಬಾರದು, ಅವು ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ. ಸಾಬೂನು ನೀರಿನಿಂದ ಒರೆಸಿ, ಒಣಗಿದ ಮೇಲೆ ಟಾಲ್ಕಂ ಪೌಡರ್ ಸವರಿದರೆ ಸಾಕು. ಮಳೆಗಾಲಕ್ಕೆ ಮುಂಚೆ ಬಾಗಿಲಿನ ಕಂಡಿಗಳಿಗೆ ಒಮ್ಮೆ ಕಡ್ಡಿ ಹಾಕಬೇಕು.

ಮರಳುವ ದಾರಿಯಲ್ಲಿ ಗಿಣಿಗೇರಿಯ ಧೂಳು ನಮಗಾಗಿ ಕಾದೇ ಇತ್ತು. ಓಡುವ ಕಾರಿನ ಪಕ್ಕದಲ್ಲಿ ಗಾಳಿ ವೇಗವಾಗಿ ಸರಿಯುವಲ್ಲಿಯೂ ಹಿಂಭಾಗದಲ್ಲಿಯೂ ಒತ್ತಡ ಕಡಿಮೆ ಇರುತ್ತದೆ. ಹಿಂದಿನ ಕಿಟಕಿ ತೆರೆದಿಟ್ಟರೆ ಒಳಗಿನ ಗಾಳಿ ಅಲ್ಲಿಂದ ಹೊರಗೆ ಸೆಳೆಯಲ್ಪಡುತ್ತದೆ, ಆ ಜಾಗ ತುಂಬಲು ಡಿಕ್ಕಿಯ ಸಂದಿಯಿಂದ ಧೂಳಿನ ಗಾಳಿ ನುಗ್ಗುತ್ತದೆ. ಅದಕ್ಕೇ ಹಳೆಯ ಡ್ರೈವರುಗಳು ಧೂಳಿನ ರಸ್ತೆಯಲ್ಲಿ ಹಿಂದಿನ ಗಾಜುಗಳನ್ನು ಮುಚ್ಚಿಸಿ, ಮುಂದಿನ ತ್ರಿಕೋನ ಕಿಟಕಿಯನ್ನಷ್ಟೇ ಗಾಳಿಗೆ ಎದುರಾಗಿ ತಿರುಗಿಸಿ ಇಡುತ್ತಿದ್ದರು. ನಾವೂ ಹಾಗೆಯೇ ಮಾಡಿದೆವು. ಕೊಪ್ಪಳ ಮುಟ್ಟಿದಾಗ ಭಾವ ಸೀಟಿನ ಮೇಲೆ ಬೆರಳೆಳೆದು ನೋಡಿದರು. ಏನೂ ಹೇಳಲಿಲ್ಲ. ಬೆರಳನ್ನು ಬಿಳಿ ಧೋತರಕ್ಕೆ ಒರೆಸಿಕೊಂಡರು.

ತಳಕ್ಕೆ ಎರಡು ಕಡೆ ಹೊಸ ತಗಡು ಬೆಸೆಸಿದ್ದು ಜುಲೈನಲ್ಲಿ. ಅಕ್ಟೋಬರಿನ ತಪಾಸಣೆಯಲ್ಲಿ ಇನ್ನೈದು ವರ್ಷಕ್ಕೆ ನೋಂದಣಿ ನವೀಕರಣವಾಯಿತು. ಗುಜರಿಯವನು ದೀಪಾವಳಿಯ ಹೊತ್ತಿಗೆ ಮತ್ತೊಮ್ಮೆ ಕೇಳಿಕೊಂಡು ಬಂದಿದ್ದನಂತೆ, ಅಕ್ಕ ಚಹಾ ಕೊಟ್ಟು ಕಳಿಸಿದಳು. ಚಾಲಕನ ಪಕ್ಕದ ತ್ರಿಕೋನ ಕಿಟಕಿಯ ಅಚ್ಚಿನ ರಬ್ಬರ್ ಮಾತ್ರ ಇನ್ನೂ ಸಿಕ್ಕಿಲ್ಲ. ಹುಬ್ಬಳ್ಳಿಯಲ್ಲಿ ಕೇಳಿದ್ದಾಗಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಲು ಹುಡುಗ ಹಳೆಯದನ್ನು ಬಿಚ್ಚಿ, ಪೌಡರ್ ಸವರಿ, ಕಾಗದದಲ್ಲಿ ಸುತ್ತಿಟ್ಟುಕೊಂಡಿದ್ದಾನೆ. ಅಲ್ಲಿಯವರೆಗೆ ಆ ಕಿಟಕಿಗೆ ಸೈಕಲ್ ಟ್ಯೂಬಿನ ಪಟ್ಟಿ.